ಮಾರ್ಫೀನಿನ ಹೆಸರೂ ಬಳಕೆಯೂ

ಮಾರ್ಫೀನೆಂಬ ಹೆಸರು ಕಿವಿಗೆ ಬಿದ್ದೊಡನೆಯೇ ರೋಗಿಯ ಬಂಧುಗಳು ಬೆಚ್ಚುವರು. ಅದನ್ನು ಕೊಟ್ಟರೆಂದರೆ ಕೊನೆಗಾಲವು ಬಂದಿತೆಂದೂ, ಬದುಕಿದರೂ ಚಟಕ್ಕೆ ಬೀಳುವುದು ನಿಶ್ಚಯವೆಂದೂ ತಿಳಿಯುವರು. ಈ ಭೀತಿಯಲ್ಲಿ ಔಷಧದ ದೋಷವೆಷ್ಟು, ಹೆಸರಿನ ದೋಷವೆಷ್ಟು ಎಂಬುದನ್ನು ವಿಚಾರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

19ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಔಷಧದಂಗಡಿಯೊಂದರ ಸಹಾಯಕನಾಗಿದ್ದ ಸೆರ್ಟ್ಯೂರ್ನರನು ಅಫೀಮಿನಿಂದ ಅದರ ಸಾರವನ್ನು ಬೇರ್ಪಡಿಸಿ, ಗ್ರೀಕರ ಸ್ವಪ್ನದೇವತೆಯಾದ ಮಾರ್ಫಿಯಸನ ಹೆಸರನ್ನು ಅದಕ್ಕಿಟ್ಟನು. ನಮ್ಮ ವೈದ್ಯಗ್ರಂಥಗಳಾದರೋ ಅಫೀಮನ್ನು ಅಹಿಫೇನವೆಂದು, ಎಂದರೆ ಹಾವಿನ ನೊರೆಯೆಂದು, ಕರೆದವು. ಅರಬ್ಬೀ ಭಾಷೆಯ ಅಫ್ಯೂನ್ ಶಬ್ದಕ್ಕೆ ತೊಡಿಸಿದ ಸಂಸ್ಕೃತದ ಉಡುಪಿದೆಂದು ಪಂಡಿತರ ಮತ. ಅವರಿಗೆ ಕನಸು, ನಮಗೆ ವಿಷ! ಅದೇ ಗಿಡದ ಬೀಜವಾದ ಗಸಗಸೆಯ ಪಾಯಸವನ್ನುಂಡು ಹಬ್ಬದ ಮಧ್ಯಾಹ್ನ ಮಲಗುವವರಿಗೆ ಮಾತ್ರ ಯಾವ ಶಂಕೆಯೂ ಇಲ್ಲ.

ಒಳ್ಳೆಯ ಹೆಸರಿಗೆ ಮೋಸಹೋದ ನಿದರ್ಶನವೂ ಉಂಟು. 1898ರಲ್ಲಿ ಬಾಯರ್ ಕಂಪೆನಿಯವರು ಮಾರ್ಫೀನಿನಿಂದಲೇ ತಯಾರಿಸಿದ ವಸ್ತುವೊಂದಕ್ಕೆ, ವೀರತ್ವವನ್ನು ಸೂಚಿಸುವ ಜರ್ಮನ್ ಶಬ್ದವನ್ನು ಹಿಡಿದು, ಹೆರಾಯಿನ್ ಎಂದು ನಾಮಕರಣ ಮಾಡಿ ಕೆಮ್ಮಿನ ಮದ್ದಾಗಿ ಮಾರಿದರು. ಇದು ಚಟ ಹಿಡಿಸದೆಂಬ ಪ್ರಚಾರವೂ ನಡೆಯಿತು. 1924ರಲ್ಲಿ ಅಮೆರಿಕೆಯು ಅದರ ತಯಾರಿಕೆಯನ್ನೇ ನಿಷೇಧಿಸಬೇಕಾಯಿತು. ಆದರೂ ಆ ದೇಶವು ಪಾಠ ಕಲಿಯಲಿಲ್ಲ. 1996ರಲ್ಲಿ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯು ಅಲ್ಲಿ ಪೇಟೆಗೆ ಬಂದಿತು. ಚಟದ ಅಪಾಯವನ್ನು ಕುಗ್ಗಿಸಿ ಹೇಳಿ ಮಾರಿದ ಅಪರಾಧವನ್ನು ಕಂಪೆನಿಯವರು 2007ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡರು.

ನಮ್ಮ ದೇಶದ ಸಂಕಟವು ಇದಕ್ಕೆ ತೀರ ವಿಪರೀತವಾದುದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಲೈಸೆನ್ಸಿನ ಮೇಲೆ ಅಫೀಮನ್ನು ಬೆಳೆಯುವರು. ನೀಮಚ್, ಘಾಜೀಪುರಗಳಲ್ಲಿ ಸರ್ಕಾರದ್ದೇ ಕಾರ್ಖಾನೆಗಳಿವೆ. ಹೊರದೇಶಗಳಿಗೆ ಮಾಲು ಹೋಗಿದೆ. ಇಂತಿದ್ದೂ ಕ್ಯಾನ್ಸರಿನ ಯಾತನೆಯಲ್ಲಿ ಹೊರಳುವ ನಮ್ಮವರಲ್ಲಿ ಬಹುಮಂದಿಗೆ ಮಾರ್ಫೀನು ದುರ್ಲಭ. 1985ರ ಮಾದಕದ್ರವ್ಯಗಳ ಕಾಯಿದೆಯ ದಂಡನೆಗೆ ಅಂಜಿ ಅನೇಕ ಆಸ್ಪತ್ರೆಗಳವರು ಅದನ್ನು ಇಡುವುದನ್ನೇ ಬಿಟ್ಟರು. ಹಲವು ಲೈಸೆನ್ಸುಗಳು ಏಕಕಾಲದಲ್ಲಿ ಜಾರಿಯಲ್ಲಿರಬೇಕಾಗಿತ್ತು. ಒಂದರ ಅವಧಿ ತೀರಿದರೆ ಉಳಿದವೆಲ್ಲ ಬರಿಯ ಕಾಗದ. 2014ರ ತಿದ್ದುಪಡಿಯ ಬಳಿಕ ರಾಜ್ಯದ ಔಷಧ ನಿಯಂತ್ರಕರ ಮನ್ನಣೆಯೊಂದೇ ಸಾಕಾಗಿದೆ. ಆ ತಿದ್ದುಪಡಿಯು ಇಟ್ಟ ಹೆಸರು ‘ಅತ್ಯಾವಶ್ಯಕ ಮಾದಕ ಔಷಧ’ವೆಂದು. ಅತ್ಯಾವಶ್ಯಕವೆಂಬುದನ್ನು ಗುಮಾಸ್ತರು ಓದಲಿಲ್ಲ. ಮಾದಕವೆಂಬುದು ಮಾತ್ರ ಕಣ್ಣಿಗೆ ಬಿದ್ದಂತಿದೆ.

ಬಾಯಿಂದ ಕೊಡುವ ಮಾರ್ಫೀನನ್ನು ಕ್ಯಾನ್ಸರಿನ ತೀವ್ರ ನೋವಿಗೆ ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿಯೇ ವಿಧಿಸಿತು. ಮಲಬದ್ಧತೆ, ಮಂಪರುಗಳುಂಟಾಗುವುದು ನಿಜ. ಪ್ರಮಾಣ ಮೀರಿದರೆ ಉಸಿರಿಗೇ ಅಪಾಯ. ಆದುದರಿಂದಲೇ ವೈದ್ಯನ ಎಚ್ಚರಿಕೆ ಬೇಕು. ನಮ್ಮ ಜಿಲ್ಲಾ ಆಸ್ಪತ್ರೆಗಳ ಅಧಿಕಾರಿಗಳು ತಮ್ಮ ಉಗ್ರಾಣದಲ್ಲಿ ಈ ಮಾತ್ರೆಗಳು ಇವೆಯೇ, ಇಲ್ಲವಾದರೆ ಮನ್ನಣೆಗೆ ಅರ್ಜಿಯನ್ನಾದರೂ ಹಾಕಿರುವರೇ ಎಂಬುದನ್ನು ಸಾರ್ವಜನಿಕರಿಗೆ ಪ್ರಕಟಪಡಿಸಬೇಕೆಂದು ನಾವು ಕೇಳುತ್ತೇವೆ.