ಕೂಸಿನ ಕೈಯಿಂದ ಸೌಟನ್ನು ಕಸಿಯಬೇಡಿ

ಒಂಬತ್ತು ಹತ್ತು ತಿಂಗಳ ಕೂಸೊಂದು ಅಡಿಗೆಯ ಸೌಟಿನಿಂದ ತಟ್ಟೆಯನ್ನು ಬಡಿಯತೊಡಗಿದರೆ ಮನೆಯವರು ಮೊದಲು ಸೌಟನ್ನು ಕಿತ್ತುಕೊಳ್ಳುತ್ತಾರೆ. ಕೂಸು ಅತ್ತರೆ, ಗುಂಡಿಯನ್ನು ಒತ್ತಿದೊಡನೆ ಹಾಡುವ ಆಟಿಕೆಯನ್ನೋ ಮೊಬೈಲ್ ಫೋನನ್ನೋ ಅದರ ಮುಂದಿಡುತ್ತಾರೆ. ಇದು ಪ್ರೀತಿಯಿಂದಲೇ ನಡೆಯುವ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ವಿನಿಮಯದಲ್ಲಿ ಕೂಸಿಗೆ ನಷ್ಟವೇ ಹೆಚ್ಚೆಂಬುದು ಭೌತವಿಜ್ಞಾನವನ್ನು ಬೋಧಿಸುವವನಾದ ನನ್ನ ಅಭಿಪ್ರಾಯ.

ಹೇಗೆಂದು ನೋಡೋಣ. ತಟ್ಟೆಯನ್ನು ಮೆಲ್ಲಗೆ ತಟ್ಟಿದರೆ ಸಣ್ಣ ಸದ್ದು, ಬಲವಾಗಿ ಬಡಿದರೆ ದೊಡ್ಡ ಸದ್ದು. ಇನ್ನೊಂದು ಕೈ ಅದರ ಅಂಚನ್ನು ಹಿಡಿಯಿತೆಂದರೆ ಕಂಪನವು ಅಡಗಿ ನಾದವು ನಿಂತುಹೋಗುತ್ತದೆ. ಲೋಹದ ಸೌಟನ್ನು ಬಿಟ್ಟು ಮರದ ಸೌಟನ್ನು ಹಿಡಿದರೆ ಧ್ವನಿಯ ಗುಣವೇ ಬೇರೆ. ಮರವು ಲೋಹದಷ್ಟು ಗಡುಸಲ್ಲವಾದುದರಿಂದ ತಟ್ಟೆಗೆ ತುಸು ಹೆಚ್ಚು ಕಾಲ ತಗುಲಿಕೊಂಡಿದ್ದು, ಕೀರಲು ಸ್ವರಗಳನ್ನು ಅಷ್ಟಾಗಿ ಏಳಗೊಡುವುದಿಲ್ಲ. ಕಾರಣವು ಬದಲಾದಂತೆಲ್ಲ ಕಾರ್ಯವೂ ಬದಲಾಗುತ್ತದೆ. ಗುಂಡಿಯ ಆಟಿಕೆಯಾದರೋ ಹೇಗೆ ಒತ್ತಿದರೂ ಅದೇ ಹಾಡನ್ನು ಅದೇ ಮಟ್ಟದಲ್ಲಿ ಹಾಡುತ್ತದೆ. ಕೈಯ ಬಲಕ್ಕೂ ಹಾಡಿನ ಬಲಕ್ಕೂ ಸಂಬಂಧವೇ ಇಲ್ಲ. (ದಿನಕ್ಕೆ ನೂರು ಸಲ ಆ ಹಾಡನ್ನು ಕೇಳಬೇಕಾದ ಮನೆಯವರ ಗತಿಯನ್ನು ನಾನಿಲ್ಲಿ ಚರ್ಚಿಸುವುದಿಲ್ಲ.)

ಸದ್ದಿನ ಮಾತು ಹಾಗಿರಲಿ, ಸ್ಪರ್ಶವನ್ನು ನೋಡಿ. ರಾತ್ರಿಯೆಲ್ಲ ಒಂದೇ ಕೋಣೆಯಲ್ಲಿದ್ದ ಸ್ಟೀಲಿನ ಲೋಟ, ಮರದ ಸೌಟು ಇವೆರಡರ ಉಷ್ಣತೆಯೂ ಒಂದೇ. ಆದರೂ ಮುಟ್ಟಿದರೆ ಲೋಟ ತಣ್ಣಗಿರುತ್ತದೆ, ಸೌಟು ಹಾಗಿರುವುದಿಲ್ಲ. ಸ್ಟೀಲು ಮರಕ್ಕಿಂತ ಸುಮಾರು ೧೦೦ ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುವುದರಿಂದ ಕೈಯ ಬಿಸಿಯನ್ನು ಬೇಗ ಸೆಳೆದುಕೊಳ್ಳುತ್ತದೆ. ನನ್ನ ತರಗತಿಯಲ್ಲಿ ಈ ಪ್ರಶ್ನೆಯನ್ನು ಕೇಳಿದಾಗಲೆಲ್ಲ, ಲೋಟದ ಉಷ್ಣತೆಯೇ ಕಡಿಮೆಯೆಂದು ಉತ್ತರಿಸುವವರು ಹಲವರಿರುತ್ತಾರೆ. ಶಾಖವಹನದ ಸೂತ್ರ ಅವರಿಗೆ ಬಾಯಿಪಾಠ. ಎರಡನ್ನೂ ಒಟ್ಟಿಗೆ ಹಿಡಿದು ಅಚ್ಚರಿಪಟ್ಟ ಅಭ್ಯಾಸವಿಲ್ಲ.

ಕೂಸು ಇದನ್ನೆಲ್ಲ ತರ್ಕಿಸುತ್ತದೆಂದಾಗಲಿ, ಸೌಟು ಬಡಿದವರೆಲ್ಲ ವಿಜ್ಞಾನಿಗಳಾಗುತ್ತಾರೆಂದಾಗಲಿ ನಾನು ಹೇಳುತ್ತಿಲ್ಲ. ಆದರೆ ಅದರ ಆಟ ಅರ್ಥವಿಲ್ಲದ ಗದ್ದಲವೂ ಅಲ್ಲ. ಸ್ವಿಟ್ಜರ್‌ಲೆಂಡಿನ ಜೀನ್ ಪಿಯಾಜೆಯವರು ಮೃದ್ವಂಗಿಗಳ ಅಧ್ಯಯನದಿಂದ ಮಕ್ಕಳ ಬುದ್ಧಿಯ ಅಧ್ಯಯನಕ್ಕೆ ಬಂದವರು. ತಮ್ಮ ಮೂವರು ಮಕ್ಕಳನ್ನೇ ಗಮನಿಸಿ ೧೯೩೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹತ್ತು ತಿಂಗಳು ದಾಟಿದ ಮಗನ ಆಟವೊಂದನ್ನು ಅವರು ವರ್ಣಿಸಿದ್ದಾರೆ. ಮಲಗಿದ್ದ ಆ ಕೂಸು ಕೈ ಚಾಚಿ ಗೊಂಬೆ, ಪೆಟ್ಟಿಗೆಗಳನ್ನು ಒಂದೊಂದಾಗಿ ಬೀಳಿಸುತ್ತಿತ್ತು. ಪ್ರತಿಸಲವೂ ತೋಳಿನ ಸ್ಥಾನವನ್ನು ಬೇಕೆಂದೇ ಬದಲಿಸುತ್ತಿತ್ತು. ಒಂದು ಅಂಶವನ್ನು ಬದಲಿಸಿ ಫಲವನ್ನು ನೋಡುವುದನ್ನು ಪ್ರಯೋಗವೆನ್ನದೆ ಮತ್ತೇನೆನ್ನಬೇಕು?

ಇಂಗ್ಲೆಂಡಿನ ಎಲಿನರ್ ಗೋಲ್ಡ್‌ಶ್ಮೀಡ್ ಎಂಬ ಶಿಕ್ಷಣತಜ್ಞೆ, ಕುಳಿತುಕೊಳ್ಳಲು ಕಲಿತು ಇನ್ನೂ ಅಂಬೆಗಾಲಿಡದ ಶಿಶುಗಳ ಮುಂದೆ ಮನೆಬಳಕೆಯ ವಸ್ತುಗಳ ಬುಟ್ಟಿಯನ್ನಿಡುವ ಪದ್ಧತಿಯನ್ನು ಬಳಕೆಗೆ ತಂದರು. ನಮ್ಮ ಅಡಿಗೆಮನೆಯಲ್ಲಿ ಅಂಥ ಬುಟ್ಟಿಗೇನು ಕೊರತೆ? ಗಿಡ್ಡ ಹಿಡಿಯ ಮರದ ಸೌಟು, ಲೋಟ, ಚೆನ್ನಾಗಿ ಉಜ್ಜಿ ನಯಮಾಡಿದ ತೆಂಗಿನ ಕರಟ, ಹಳೆಯ ಹತ್ತಿಯ ಸೀರೆಯ ತುಂಡು, ಅಗಲವಾದ ತಟ್ಟೆಯಲ್ಲಿ ಬೆರಳು ಮುಳುಗುವಷ್ಟು ನೀರು. ಇವುಗಳಿಗೆ ಕಾಸಿನ ಖರ್ಚಿಲ್ಲ.

ಗಂಟಲಿಗೆ ಸಿಕ್ಕಿಕೊಂಡರೇನು ಗತಿಯೆಂಬ ಹಿರಿಯರ ಭಯ ಮಾತ್ರ ನ್ಯಾಯವಾದುದು. ಅಮೆರಿಕದಲ್ಲಿ ಸುಮಾರು ೩೨ ಮಿಲಿಮೀಟರ್ ವ್ಯಾಸದ ಒಂದು ಕೊಳವೆಯಿದೆ. ಅದರೊಳಗೆ ಪೂರ್ತಿಯಾಗಿ ಇಳಿಯುವ ಯಾವ ವಸ್ತುವನ್ನೂ ಮೂರು ವರ್ಷದೊಳಗಿನವರ ಆಟಿಕೆಯಾಗಿ ಮಾರುವಂತಿಲ್ಲ. ಹುಣಿಸೆಬೀಜ, ಕಡಲೆಕಾಯಿ, ನಾಣ್ಯಗಳು ಇದರಿಂದಲೇ ವರ್ಜ್ಯ. ಹಾಡುವ ಆಟಿಕೆಗಳಲ್ಲಿ ಅನೇಕವೇಳೆ ಇರುವ ಗುಂಡಿಯಾಕಾರದ ಬ್ಯಾಟರಿಯಂತೂ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ತೀವ್ರವಾಗಿ ಸುಡಬಲ್ಲುದು. ನೀರು ಕೆಲವೇ ಸೆಂಟಿಮೀಟರ್ ಆಳವಿದ್ದರೂ ಕೂಸನ್ನು ಅದರೊಡನೆ ಒಂಟಿಯಾಗಿ ಬಿಡಕೂಡದು.

ಆದುದರಿಂದ ಪಕ್ಕದಲ್ಲಿ ಒಬ್ಬರು ಕುಳಿತಿರಲೇಬೇಕು. ಅಕ್ಕನ ಮಗುವೋ ಅಣ್ಣನ ಮಗುವೋ ಮನೆಯಲ್ಲಿರುವ ವಿದ್ಯಾರ್ಥಿಗಳು ಆ ಕೆಲಸವನ್ನು ವಹಿಸಿಕೊಳ್ಳಲಿ. ಏನನ್ನೂ ಕಲಿಸಹೋಗಬೇಡಿ. ಸೌಟು ಎಷ್ಟು ಸಲ ಬಿದ್ದಿತು, ಯಾವ ಎತ್ತರದಿಂದ, ಕೂಸು ಅದು ಬಿದ್ದ ಕಡೆಗೆ ನೋಡಿತೋ ನಿಮ್ಮ ಮುಖವನ್ನು ನೋಡಿತೋ ಎಂಬುದನ್ನು ಒಂದು ಪುಸ್ತಕದಲ್ಲಿ ದಿನಾಂಕಸಹಿತ ಬರೆದಿಡಿ. ಬಿದ್ದ ಸೌಟನ್ನು ತೊಳೆದು ಮತ್ತೆ ಅದರ ಕೈಗೆ ಕೊಡಿ.