ಗಣಕಯಂತ್ರದ ತಾಳವೂ ನಮ್ಮೂರ ಹಾಡೂ
(ಅಂತಿಮ ಬಿ. ಎ.)

ಹಾಡಿದವರೊಡನೆಯೇ ಹಾಡಿನ ದನಿಯೂ ಮಣ್ಣಾಗುವ ಕಾಲವೊಂದಿತ್ತು. ನಮ್ಮ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಶಿಶುನಾಳ ಶರೀಫರು 1889ರಲ್ಲಿ ದೇಹವಿಟ್ಟರು. ಎಡಿಸನ್ನನ ಫೋನೊಗ್ರಾಫ್ 1877ರಲ್ಲಿಯೇ ಹುಟ್ಟಿದ್ದಿತಾದರೂ, ಭಾರತದಲ್ಲಿ ಗ್ರಾಮೋಫೋನ್ ಕಂಪನಿಯವರು ಹಾಡುಗಳನ್ನು ಮುದ್ರಿಸಿಕೊಳ್ಳಲು ತೊಡಗಿದ್ದು 1902ರಲ್ಲಿ, ದೂರದ ಕಲಕತ್ತೆಯಲ್ಲಿ. ಹೀಗಾಗಿ ಶರೀಫರ ಪದಗಳು ನಮಗೆ ಉಳಿದವು, ದನಿ ಉಳಿಯಲಿಲ್ಲ. ಇದಕ್ಕೆ ಎದುರಾಗಿ ಗಂಗೂಬಾಯಿ ಹಾನಗಲ್ಲರನ್ನು (1913–2009) ನೋಡಿರಿ. 1930ರ ದಶಕದ ತಟ್ಟೆಗಳಲ್ಲಿ ಅವರದು ತೆಳುವಾದ, ಎತ್ತರದ ಕಂಠ. ಮುಂದಿನ ಮುದ್ರಣಗಳಲ್ಲಿ ಅದೇ ಕಂಠವು ಗಂಡುದನಿಯಷ್ಟು ಗಂಭೀರವಾಗಿದೆ. ಎರಡನ್ನೂ ನಾವಿಂದು ಕೇಳಬಲ್ಲೆವು. ಯಂತ್ರದ ಉಪಕಾರವು ಇಷ್ಟು ದೊಡ್ಡದು. ಆದುದರಿಂದ ಯಂತ್ರವನ್ನು ಜರೆಯುವ ಸಲುವಾಗಿ ನಾನು ಈ ಲೇಖನಕ್ಕೆ ಕೈ ಹಾಕಿಲ್ಲವೆಂಬದನ್ನು ವಾಚಕರು ಮೊದಲಿಗೇ ತಿಳಿಯಬೇಕು.

ಆ ಯಂತ್ರವಿಂದು ಗಣಕದೊಳಗೆ ಬಂದು ಕುಳಿತಿದೆ. ಡಿಜಿಟಲ್ ಆಡಿಯೊ ವರ್ಕ್‌ಸ್ಟೇಷನ್ ಎಂಬದು ಈ ತಂತ್ರಾಂಶದ ಹೆಸರು. ಮೈಕಿನಿಂದ ಬಂದ ದನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 44,100 ಸಲ ಅಳೆದು ಅಂಕಿಗಳಾಗಿ ಬರೆದಿಡಲಾಗುತ್ತದೆ. ಹಾಡು, ಹಾರ್ಮೋನಿಯಂ, ತಬಲಾ, ತಾಳ ಇವು ಪರದೆಯ ಮೇಲೆ ಬೇರೆ ಬೇರೆ ಪಟ್ಟಿಗಳಾಗಿ ಒಂದರ ಕೆಳಗೊಂದು ಕಾಣುತ್ತವೆ. ಅವುಗಳನ್ನು ಕತ್ತರಿಸಬಹುದು, ಜೋಡಿಸಬಹುದು, ಒಂದನ್ನು ಏರಿಸಿ ಇನ್ನೊಂದನ್ನು ಇಳಿಸಬಹುದು. ಹಿಂದೆ ಇದಕ್ಕೆ ಕೋಣೆ ತುಂಬ ಸಾಮಗ್ರಿ ಬೇಕಾಗಿತ್ತು. ಮುಂಬಯಿಗೋ ಮದರಾಸಿಗೋ ಹೋಗಬೇಕಾಗಿತ್ತು. ಇಂದು ಒಂದು ಲ್ಯಾಪ್‌ಟಾಪು, ಒಂದು ಮೈಕು ಇದ್ದರೆ ಸಾಕು. ಆಡಾಸಿಟಿಯೆಂಬ ಧ್ವನಿಮುದ್ರಣ ತಂತ್ರಾಂಶವು 2000ದಿಂದಲೂ ಪುಕ್ಕಟೆಯಾಗಿ ದೊರೆಯುತ್ತಿದೆ. ಉತ್ತರ ಕರ್ನಾಟಕದ ತರುಣರು ಹಳ್ಳಿಯ ಚಿಕ್ಕ ಕೋಣೆಯಲ್ಲಿಯೇ ಜಾನಪದ ಗೀತೆಗಳನ್ನು ಸಿದ್ಧಪಡಿಸಿ ಯೂಟ್ಯೂಬಿಗೆ ಏರಿಸುತ್ತಾರೆ. ಅವು ಜಾತ್ರೆಗಳಲ್ಲಿ, ಹೊಲಕ್ಕೆ ಹೋಗುವ ಟ್ರ್ಯಾಕ್ಟರುಗಳಲ್ಲಿ ಮೊಳಗುತ್ತವೆ. ಯಾವ ಶಿಫಾರಸೂ ಇಲ್ಲದ ಬಡವರ ಮಕ್ಕಳ ದನಿಯು ನಾಡಿಗೆ ಕೇಳುವಂತಾದದ್ದು ಸಣ್ಣ ಮಾತಲ್ಲ.

ಆದರೆ ಇಲ್ಲಿ ಒಂದು ಅಪಾಯವುಂಟು. ಇಂಥ ತಂತ್ರಾಂಶಗಳಲ್ಲಿ ಹೆಚ್ಚಿನವು ತೆರೆದ ಕೂಡಲೆ, ನಾವು ಏನನ್ನೂ ಹೇಳುವ ಮೊದಲೇ, ನಿಮಿಷಕ್ಕೆ 120 ಏಟು, ನಾಲ್ಕು ಏಟಿನ ಒಂದು ಆವರ್ತ ಎಂದು ಗೊತ್ತುಮಾಡಿಕೊಂಡು ನಿಂತಿರುತ್ತವೆ. ಪರದೆಯ ತುಂಬ ಸಮ ಅಂತರದ ಗೆರೆಗಳು. ಕಿವಿಯಲ್ಲಿ ಟಿಕ್ ಟಿಕ್ ಎಂಬ ಸದ್ದು. ಏಟು ಕೊಂಚ ಹಿಂದೆ ಮುಂದೆ ಬಿದ್ದರೆ ಒಂದೇ ಗುಂಡಿಯಿಂದ ಅದನ್ನು ಗೆರೆಗೆ ಎಳೆದು ಕೂಡಿಸಬಹುದು. ಸ್ವರಕ್ಕೂ ಇದೇ ಗತಿ. 1997ರಲ್ಲಿ ಬಂದ ಆಟೋ-ಟ್ಯೂನ್ ಮುಂತಾದ ಉಪಕರಣಗಳು, ಬೇರೇನೂ ಹೇಳದಿದ್ದರೆ, ದನಿಯನ್ನು ಸಮನಾಗಿ ಹಂಚಿದ ಹನ್ನೆರಡು ಮೆಟ್ಟಿಲುಗಳ ಪೈಕಿ ಹತ್ತಿರದ ಒಂದಕ್ಕೆ ಜಗ್ಗಿ ನಿಲ್ಲಿಸುತ್ತವೆ. ಆಟೋ-ಟ್ಯೂನನ್ನು ರಚಿಸಿದ ಆಂಡಿ ಹಿಲ್ಡೆಬ್ರಾಂಡ್ ಅವರು ಅದಕ್ಕೂ ಮೊದಲು ಎಣ್ಣೆಯ ನಿಕ್ಷೇಪ ಹುಡುಕುವವರಿಗಾಗಿ ಭೂಮಿಯೊಳಗಿನ ಕಂಪನಗಳ ಲೆಕ್ಕ ಹಾಕುತ್ತಿದ್ದವರು. ಜಾಣತನದಲ್ಲಿ ಕೊರತೆಯಿಲ್ಲ. ಆದರೆ ಆ ಗೆರೆಗಳನ್ನು ಎಳೆದವರು ನಮ್ಮ ಸೋಬಾನೆಯನ್ನು ಕೇಳಿ ಎಳೆದವರಲ್ಲ.

ನಮ್ಮ ಮನೆತನದಲ್ಲಿ ಪದವಿಯ ತರಗತಿಯವರೆಗೆ ಬಂದ ಮೊದಲ ಕುಡಿ ನಾನು. ನನ್ನ ಅಜ್ಜಿ ಅಕ್ಷರ ಕಲಿತವಳಲ್ಲ. ಆದರೂ ಬೀಸುವ ಹಾಡು, ಸೋಬಾನೆ, ಶರೀಫರ ತತ್ವಪದಗಳು ಅವಳಿಗೆ ಬಾಯಿಪಾಠ. ಅವಳ ಷಡ್ಜವು ಹಾರ್ಮೋನಿಯಮ್ಮಿನ ಎರಡು ಮನೆಗಳ ನಡುವೆ ಎಲ್ಲಿಯೋ ಕೂಡುತ್ತದೆ. ಬೀಸುವ ಕಲ್ಲಿನ ಸುತ್ತು ಮುಗಿಯುವವರೆಗೆ ಸಾಲು ಎಳೆಯುತ್ತದೆ. ಸೊಲ್ಲು ಎತ್ತಿಕೊಳ್ಳುವ ಹೆಂಗಸರು ತಡಮಾಡಿದರೆ ತಾಳವೂ ಕಾಯುತ್ತದೆ. ಇದನ್ನೆಲ್ಲ ಗೆರೆಗೆ ಕೂಡಿಸಿದರೆ ತಪ್ಪಿಲ್ಲದ ಹಾಡು ಸಿಗುತ್ತದೆ, ನನ್ನ ಅಜ್ಜಿ ಸಿಗುವದಿಲ್ಲ. ಬ್ಯಾಡಗಿ ಪೇಟೆಯನ್ನು ಬಲ್ಲವರಿಗೆ ನಾನು ಹೇಳತಕ್ಕದ್ದೇನಿದೆ? 2011ರಲ್ಲಿ ಭೌಗೋಳಿಕ ಸೂಚನೆಯ ಮನ್ನಣೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಗುರುತು ಅದರ ಬಣ್ಣ ಮತ್ತು ಅದರ ಸುಕ್ಕು. ಸುಕ್ಕು ಚೆಂದವಲ್ಲವೆಂದು ಯಾವ ರೈತನೂ ಅದನ್ನು ತಿದ್ದಲು ಹೋಗುವದಿಲ್ಲ. ಹಾಡಿನ ಸುಕ್ಕನ್ನು ಮಾತ್ರ ನಾವು ಇಸ್ತ್ರಿ ಮಾಡಲು ಹೊರಟಿದ್ದೇವೆ.

“ಇಂಥ ಕೂಗು ಹಳೆಯದು, ಹಾರ್ಮೋನಿಯಂ ಬಂದಾಗಲೂ ಹೀಗೆಯೇ ಅಂದರು” ಎಂದು ಕೆಲವರು ವಾದಿಸಬಹುದು. ಮಾತು ನಿಜ. ಹಾರ್ಮೋನಿಯಮ್ಮಿನಲ್ಲಿ ಸ್ವರಗಳು ಕಟ್ಟಿಹಾಕಿದಂತಿವೆ, ಒಂದರಿಂದೊಂದಕ್ಕೆ ಜಾರಲಾರವು ಎಂದು ಆಕಾಶವಾಣಿಯು 1940ರಲ್ಲಿ ಅದನ್ನು ಬಹಿಷ್ಕರಿಸಿತು. ಆ ನಿಷೇಧವು ಸಡಿಲವಾದದ್ದು 1971ರಲ್ಲಿ. ಅಷ್ಟರಲ್ಲಿ ನಮ್ಮ ನಾಟಕ ಕಂಪನಿಗಳೂ ಊರೂರಿನ ಭಜನಾ ಮಂಡಳಿಗಳೂ ಅದನ್ನು ತಮ್ಮದಾಗಿ ಮಾಡಿಕೊಂಡಿದ್ದವು. ಹಾಡು ಸಾಯಲಿಲ್ಲ. ಏಕೆ? ಒಳ್ಳೆಯ ಪೇಟಿ ಮಾಸ್ತರನು ಎಂದೂ ಹಾಡುಗಾರನ ಮುಂದೆ ಓಡುವದಿಲ್ಲ. ಹಾಡುಗಾರ ಎಳೆದರೆ ಅವನೂ ನಿಲ್ಲುತ್ತಾನೆ, ಹಾಡುಗಾರ ಜಾರಿದಲ್ಲಿ ಸುಮ್ಮನಾಗುತ್ತಾನೆ. ವಾದ್ಯದ ಕೊರತೆಯನ್ನು ಆತನ ವಿನಯವು ತುಂಬಿಕೊಡುತ್ತದೆ. ಗಣಕದ ತಾಳವಾದರೋ ಮೊದಲೇ ಮುಂದೆ ನಡೆದು, ಹಾಡುಗಾರನನ್ನು “ಬಾ” ಎಂದು ಕರೆಯುತ್ತದೆ. ನನ್ನ ತಕರಾರು ಇರುವದು ಇಷ್ಟಕ್ಕೇ.

ಇದನ್ನು ತಿರುವುಮುರುವು ಮಾಡುವದು ಕಷ್ಟವಲ್ಲ. ಟಿಕ್ ಟಿಕ್ ಸದ್ದನ್ನು ನಿಲ್ಲಿಸಿ ಹಾಡಿಸಬಹುದು. ಹಾಡಾದ ಮೇಲೆ ಅದರ ನಡೆಗೆ ತಕ್ಕಂತೆ ಗೆರೆಗಳನ್ನು ಸರಿಸಬಹುದು. ಏಳು ಮಾತ್ರೆಯ ರೂಪಕವನ್ನೂ ಹತ್ತು ಮಾತ್ರೆಯ ಝಪತಾಲವನ್ನೂ ಒಪ್ಪಿಸಬಹುದು. ಸ್ವರ ತಿದ್ದುವ ಉಪಕರಣವನ್ನು ಮುಟ್ಟದೆಯೇ ಬಿಡಬಹುದು. ಯಂತ್ರವು ಕೇಳಿದರೆ ಎಲ್ಲವನ್ನೂ ಕೊಡುತ್ತದೆ; ಕೇಳದಿದ್ದರೆ ತನ್ನದನ್ನೇ ಹೇರುತ್ತದೆ. ಕೇಳಲು ಕಲಿತ ಕೈ ಬೇಕು. ಆ ಕೈ ನಮ್ಮದೇ ಏಕಾಗಬಾರದು?

ಆದುದರಿಂದ ಮೂರು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಮೊದಲನೆಯದು, ಹಿರಿಯರ ಹಾಡನ್ನು ಇದ್ದಂತೆಯೇ ಮುದ್ರಿಸಿ, ಆ ಮೂಲಪ್ರತಿಯನ್ನು ತಿದ್ದದೆ ಕಾದಿಡಬೇಕು. ಡೋಲು, ಕೀಬೋರ್ಡು ಸೇರಿಸಿ ಜಾತ್ರೆಗೆ ಹಾಡು ಕಟ್ಟುವವರು ಅದರ ಪ್ರತಿಯಿಂದ ಕಟ್ಟಲಿ. ಎರಡನೆಯದು, ಹಾಡಿದವರ ಒಪ್ಪಿಗೆ ಪಡೆದು, ಅವರ ಹೆಸರು, ಊರು, ಹಾಡುವ ಸಂದರ್ಭ ಇವನ್ನು ಬರೆದಿಡಬೇಕು. ಹಾಡಿನಿಂದ ಹಣ ಬಂದರೆ ಅವರ ಪಾಲು ಅವರಿಗೆ ಮುಟ್ಟಬೇಕು. ಮೂರನೆಯದು, ನಮ್ಮಂಥ ಸರಕಾರಿ ಕಾಲೇಜುಗಳಲ್ಲಿ ಇದಕ್ಕೊಂದು ಕೋಣೆ ಬೇಕು. ಮಾರುದನಿ ತಡೆಯಲು ಬೆಲೆಬಾಳುವ ಹೊದಿಕೆಯೇ ಆಗಬೇಕೆಂದಿಲ್ಲ. ಗೋಡೆಗೆ ನಾಲ್ಕು ದಪ್ಪ ಕೌದಿಗಳನ್ನು ಇಳಿಬಿಟ್ಟರೂ ಬಹಳಷ್ಟು ಕೆಲಸವಾಗುತ್ತದೆ. ಜಾನಪದಕ್ಕೆಂದೇ ಸ್ಥಾಪಿತವಾದ ವಿಶ್ವವಿದ್ಯಾಲಯವು ನಮ್ಮ ಜಿಲ್ಲೆಯ ಗೊಟಗೋಡಿಯಲ್ಲಿಯೇ ಇದೆ. ಮಾರ್ಗದರ್ಶನಕ್ಕೆ ದೂರ ಹೋಗಬೇಕಾಗಿಲ್ಲ.

ವಿದ್ಯಾರ್ಥಿಮಿತ್ರರೇ, ರಜೆಯಲ್ಲಿ ನಾವೆಲ್ಲ ಊರಿಗೆ ಹೋಗತಕ್ಕವರೇ. ಕಿಸೆಯಲ್ಲಿ ಮೊಬೈಲು ಇದ್ದೇ ಇದೆ. ಒಬ್ಬೊಬ್ಬರು ಒಂದೊಂದು ಹಾಡನ್ನಾದರೂ ಮುದ್ರಿಸಿ ತರೋಣ. ಎಪ್ಪತ್ತು, ಎಂಬತ್ತು ದಾಟಿದ ಹಾಡುಗಾರ್ತಿಯರು ನಮ್ಮ ಪರೀಕ್ಷೆಗಳು ಮುಗಿಯಲೆಂದು ಕಾಯುತ್ತ ಕೂಡಲಾರರು.