ಒದೆಯುವ ಹಸು ಏನೋ ಹೇಳುತ್ತಿರುತ್ತದೆ

“ಈ ಹಸುನ ಮಾರಿಬಿಡೋಣ, ಇದರ ಸಹವಾಸವೇ ಸಾಕು.”

ಹೋದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ದಿನಕ್ಕೆರಡು ಸಲ ಕೇಳಿಬರುತ್ತಿದ್ದ ಮಾತಿದು. ನಮ್ಮ ಗೌರಿ ಎರಡನೇ ಸೂಲಿನ ಜೆರ್ಸಿ ಮಿಶ್ರತಳಿ. ಅಲ್ಲಿಯವರೆಗೆ ಮಗುವಿನ ಹಾಗೆ ನಿಂತು ಹಾಲು ಕೊಡುತ್ತಿದ್ದವಳು ಇದ್ದಕ್ಕಿದ್ದಂತೆ ಒದೆಯಲು ಶುರು ಮಾಡಿದಳು. ಒಂದು ದಿನ ಬಕೆಟ್ ಉರುಳಿತು, ಮರುದಿನ ನನ್ನ ಮೊಣಕೈ ಊದಿತು. ಮನೆಯವರು ಅದರ ಹಿಂಗಾಲು ಕಟ್ಟಿ, ಕೋಲು ಹಿಡಿದು ಪಕ್ಕದಲ್ಲೇ ನಿಂತರು. ಒದೆತ ನಿಲ್ಲಲಿಲ್ಲ. ನಾಲ್ಕು ಲೀಟರ್ ಇದ್ದ ಹಾಲು ಮಾತ್ರ ಎರಡಕ್ಕೆ ಇಳಿಯಿತು.

ಕೊನೆಗೆ ಗುಟ್ಟು ಹಿಡಿದವರು ನಮ್ಮತ್ತೆ. “ಹಿಂದಿನ ಎಡಮೊಲೆ ಮುಟ್ಟಿದಾಗ ಮಾತ್ರ ಒದೀತಾಳೆ ನೋಡು” ಅಂದರು. ಡಾಕ್ಟರ್ ಬಂದು ನೋಡಿದರೆ ಕೆಚ್ಚಲು ಬಾವು ಶುರುವಾಗಿತ್ತು! ಔಷಧಿ ಕೊಟ್ಟಮೇಲೆ ಬಾವೇನೋ ಇಳಿಯಿತು. ಆದರೆ ಕೋಲಿನ ಭಯ ಇಳಿಯಲು ಎರಡು ತಿಂಗಳು ಬೇಕಾಯಿತು. ಇವರು ಕೊಟ್ಟಿಗೆಯ ಬಾಗಿಲಿಗೆ ಬಂದರೂ ಸಾಕು, ಅವಳ ಮೈ ನಡುಗುತ್ತಿತ್ತು. ನೋವು ಅಂತ ಹೇಳಿದವಳಿಗೆ ನಾವು ಏಟು ಕೊಟ್ಟಿದ್ದೆವು.

ಅದಕ್ಕೇ ಹೇಳುತ್ತೇನೆ, ಹಸುವಿಗೆ ‘ಕೆಟ್ಟ ಬುದ್ಧಿ’ ಅಂತ ಪಟ್ಟ ಕಟ್ಟುವ ಮೊದಲು ನಮ್ಮ ಕೈಯನ್ನೊಮ್ಮೆ ನೋಡಿಕೊಳ್ಳೋಣ. ತಳಿಗೊಂದು ಸ್ವಭಾವ ಇರುವುದು ನಿಜ. ಗುಡ್ಡದಲ್ಲಿ ಸ್ವಚ್ಛಂದವಾಗಿ ಮೇಯುವ ಮಲೆನಾಡು ಗಿಡ್ಡ, ಕೊಟ್ಟಿಗೆಯಲ್ಲೇ ಬೆಳೆದ ಎಚ್‌ಎಫ್‌ನಷ್ಟು ಸುಲಭವಾಗಿ ಕೈಗೆ ಸಿಗದು. ಆದರೆ ಮನೆಯಲ್ಲಿ ನಾವು ಕಾಣುವ ಒದೆತ, ಹಾಯುವಿಕೆಗಳಲ್ಲಿ ಹೆಚ್ಚಿನವು ಹುಟ್ಟುವುದು ಭಯದಿಂದ, ಇಲ್ಲವೇ ನೋವಿನಿಂದ.

ಹಸುವಿನ ಕಣ್ಣು ತಲೆಯ ಎರಡು ಪಕ್ಕಗಳಲ್ಲಿವೆ. ಸುತ್ತಲಿನ ಬಹುಭಾಗ ಕಂಡರೂ ಬೆನ್ನ ಹಿಂದೆ ನೇರವಾಗಿ ಇರುವುದು ಕಾಣುವುದಿಲ್ಲ. ಸದ್ದಿಲ್ಲದೆ ಹಿಂದಿನಿಂದ ಹೋಗಿ ಕೈ ಹಾಕಿದರೆ ಯಾರೇ ಆದರೂ ಬೆಚ್ಚುವುದಿಲ್ಲವೇ? ನೆಲದ ನೆರಳು, ನೀರು ನಿಂತ ಚರಂಡಿ ಕಂಡು ಅದು ತಟ್ಟನೆ ನಿಲ್ಲುವುದೂ ಹಟದಿಂದಲ್ಲ. ಅದರ ಆಳ ಎಷ್ಟು ಅಂತ ಅದಕ್ಕೆ ಚೆನ್ನಾಗಿ ಗೊತ್ತಾಗುವುದಿಲ್ಲ. ತಲೆ ಬಗ್ಗಿಸಿ ನೋಡಲು ಒಂದು ನಿಮಿಷ ಬಿಟ್ಟರೆ ತಾನೇ ದಾಟುತ್ತದೆ.

ಹಾಲಿನ ಲೆಕ್ಕವೂ ಹೀಗೇ. ಕೆಚ್ಚಲು ತೊಳೆದು ಸವರಿದಾಗ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೊರಟು ಹಸು ಸೊರ ಬಿಡುತ್ತದೆ. ಅದರ ಪ್ರಭಾವ ಕೆಲವೇ ನಿಮಿಷ. ಆ ಹೊತ್ತಿಗೆ ಹೆದರಿಸಿದರೆ ಅಡ್ರಿನಾಲಿನ್ ಅದನ್ನು ತಡೆಯುತ್ತದೆ, ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ‘ಹಾಲು ಕಳ್ಳಿ’ ಅಂತ ನಾವು ಬೈಯುವುದು ಇದಕ್ಕೇ!

ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು 516 ರೈತರನ್ನು ವಿಚಾರಿಸಿ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಹಸುಗಳನ್ನು ಹೆಸರಿಟ್ಟು ಕರೆಯುವವರ ಕೊಟ್ಟಿಗೆಯಲ್ಲಿ ಹಸುವೊಂದಕ್ಕೆ ವರ್ಷಕ್ಕೆ 258 ಲೀಟರ್ ಹಾಲು ಹೆಚ್ಚಿತ್ತಂತೆ. ಹೆಸರಿನಿಂದಲೇ ಹಾಲು ಬರುತ್ತದೆ ಅಂತಲ್ಲ. ಹೆಸರಿಟ್ಟವರು ಒಂದೊಂದನ್ನೂ ಗಮನಿಸಿ ನೋಡುತ್ತಾರೆ, ಅಷ್ಟೆ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ ಇದು ಹೊಸದೇನಲ್ಲ ಬಿಡಿ.

ಹಾಗಂತ ಪ್ರೀತಿಯ ಹೆಸರಲ್ಲಿ ಮೈಮರೆಯಬಾರದು. ಆಗಷ್ಟೇ ಕರು ಹಾಕಿದ ಹಸು ಎಷ್ಟೇ ಸಾಧುವಾಗಿದ್ದರೂ ಅದರ ಮತ್ತು ಕರುವಿನ ನಡುವೆ ನಿಲ್ಲಬೇಡಿ, ಮಕ್ಕಳನ್ನು ಬಿಡಲೇಬೇಡಿ. ಪುಟ್ಟ ಹೋರಿಗರುವಿನ ಹಣೆ ತಳ್ಳಿ ಆಡುವ ಆಟ ಈಗ ಮುದ್ದಾಗಿ ಕಾಣಬಹುದು. ಅದೇ ಹೋರಿ ಬೆಳೆದು ಅದೇ ಆಟಕ್ಕೆ ಬಂದರೆ ಪ್ರಾಣಕ್ಕೇ ಅಪಾಯ.

ನಮ್ಮ ಮನೆಯಲ್ಲೀಗ ನಾಲ್ಕು ಕಟ್ಟಳೆಗಳಿವೆ, ಎಲ್ಲರಿಗೂ ಒಂದೇ:

* ಕೊಟ್ಟಿಗೆಗೆ ಕಾಲಿಡುವ ಮೊದಲೇ ಹೆಸರು ಹಿಡಿದು ಮಾತಾಡಿಸಬೇಕು, ಪಕ್ಕದಿಂದಲೇ ಹತ್ತಿರ ಹೋಗಬೇಕು.
* ಹಾಲು ಕರೆಯುವ ಹೊತ್ತು, ಜಾಗ ಬದಲಿಸಬಾರದು. ಆಗ ಜಗಳ, ಕಿರುಚಾಟ ಬೇಡ.
* ಸಾಧು ಹಸು ದಿಢೀರನೆ ಒದ್ದರೆ ಮೊದಲು ಕೆಚ್ಚಲು, ಮೊಲೆತೊಟ್ಟು, ಗೊರಸು ನೋಡಬೇಕು, ಡಾಕ್ಟರಿಗೆ ಹೇಳಬೇಕು.
* ಕಡಸನ್ನು ಕರು ಹಾಕುವ ತಿಂಗಳುಗಳ ಮೊದಲಿಂದಲೇ ಮೈ, ಕಾಲು ಸವರಿ ಕೈಗೆ ಒಗ್ಗಿಸಬೇಕು.

ಕಸ ಬಾಚಿ, ಹುಲ್ಲು ಹಾಕಿ, ಹಾಲು ಕರೆಯುವವರು ಬಹುತೇಕ ನಾವು ಹೆಂಗಸರೇ. ಹಸುವಿನ ಮುಖಚರ್ಯೆ ಬದಲಾದರೆ ಮೊದಲು ಗೊತ್ತಾಗುವುದೂ ನಮಗೇ. ಹಾಗಿದ್ದಮೇಲೆ ‘ಮಾರೋಣವೋ ಇಟ್ಟುಕೊಳ್ಳೋಣವೋ’ ಅನ್ನುವ ತೀರ್ಮಾನದಲ್ಲಿ ನಮ್ಮ ಮಾತಿಗೂ ಬೆಲೆ ಬೇಡವೇ? ಅತ್ತೆ ಅಂದು ಸುಮ್ಮನಿದ್ದಿದ್ದರೆ ಗೌರಿ ಇಷ್ಟೊತ್ತಿಗೆ ಯಾರ ಕೈಗೆ ಹೋಗಿರುತ್ತಿದ್ದಳೋ!

ಕೋಲು ಈಗ ಅಟ್ಟದ ಮೇಲಿದೆ. ಮನೆಯವರೂ ಬಾಗಿಲಲ್ಲೇ ನಿಂತು “ಗೌರಿ, ಬಂದೆ ಕಣೇ” ಅನ್ನುತ್ತಾರೆ. ಅವಳು ಮೆಲುಕು ನಿಲ್ಲಿಸದೆ ಕಿವಿ ಮಾತ್ರ ಈ ಕಡೆ ತಿರುಗಿಸುತ್ತಾಳೆ. ನನಗಂತೂ ಅಷ್ಟೇ ಸಾಕು.